ಯಾರೂ ಹಿಡಿಯದ ಮೇಳ

ಶಂಕ್ರಪ್ಪ: ಹಿಡೀತೀರೋ ಇಲ್ಲೋ, ಒಂದ ಮಾತು ಹೇಳಿಬಿಡ್ರಿ!

ಮಲ್ಲಿಕಸಾಬ: ಹಿಡ್ಯಾಕ ಏನರ ಒಂದು ಕಾರಣ ಬೇಕಲ್ಲೋ ಮಾರಾಯಾ!

ಶಂಕ್ರಪ್ಪ: ಸರಕಾರದ ವಿರುದ್ಧ ಹಾಡೇನ್ರಿ! ನಿಮ್ಮ ಮುಂದ ನಿಂತು, ನಿಮ್ಮ ಮಾರಿ ನೋಡಿಕೋತ ಹಾಡೇನಿ!

ಮಲ್ಲಿಕಸಾಬ: ಹಾಡಿದ್ದು ಖರೆ. ವಿರುದ್ಧ ಹಾಡಿದ್ಯೋ ಪರವಾಗಿ ಹಾಡಿದ್ಯೋ ತಿಳೀಲಿಲ್ಲ.

ಇದು ನಡೆದದ್ದು ನಲವತ್ತೆರಡರ ಚಳವಳಿಯ ದಿನಗಳಲ್ಲಿ, ಶಿಗ್ಗಾಂವಿಯಿಂದ ತಡಸಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಚಾವಡಿ ಮುಂದೆ. ಶಂಕ್ರಪ್ಪ ಶೇಂಗಾ ವ್ಯಾಪಾರಿ, ಅದಕ್ಕಿಂತ ಹೆಚ್ಚಾಗಿ ಊರಿನ ಭಜನಾ ಮೇಳದ ಮುಖಂಡ. ಮಲ್ಲಿಕಸಾಬ ಬಂದೋಬಸ್ತಿಗೆ ಬಂದು ಕೂತ ಪೊಲೀಸ. ಮೇಳದ ಉಳಿದವರು ತಾಳ, ದಮಡಿ ಹಿಡಿದು, ಜೇಲಿಗೆಂದು ಹಾಸಿಗೆ ಸುತ್ತಿಕೊಂಡು ಬಿಸಿಲಲ್ಲಿ ನಿಂತಿದ್ದರು. ದೇಶದ ತುಂಬ ಪೊಲೀಸರು ಜನರ ಬೆನ್ನು ಹತ್ತಿದ್ದರೆ, ಈ ಪುಣ್ಯಾತ್ಮರು ಪೊಲೀಸನ ಬೆನ್ನು ಹತ್ತಿದ್ದರು.

ಶಂಕ್ರಪ್ಪ: ತಿಳೀಲಿಲ್ಲಾ? ಏನಂತ ಕೇಳಿಸ್ತು ನಿಮಗ?

ಮಲ್ಲಿಕಸಾಬ: ‘ಬಿಳಿ ಹೋರಿ ಊರಾಗ ಬಿಡೋ’ ಅಂತ ಕೇಳಿಸ್ತು.

ಶಂಕ್ರಪ್ಪ: ಹೋರಿ ಅಲ್ರೀ! ‘ಬಿಳಿ ದೊರೀ, ಊರ ಬಿಡೋ’! ಇಂಗ್ಲೆಂಡಿನ ದೊರಿ!

ಮಲ್ಲಿಕಸಾಬ: ನನಗೇನ್ ಗೊತ್ತು? ನಿನ್ನೆ ನಿಮ್ಮ ಹಾಡು ಕೇಳಿ, ಯಾರದೋ ಹೋರಿ ಕಳದೈತಿ ಅಂತ ಬಿಡಾಡಿ ದನ ಕೂಡಿಹಾಕೂ ಕೊಂಡವಾಡದ ತನಕ ಹೋಗಿ ನೋಡಿ ಬಂದೆ. ಅಲ್ಲಿ ಒಂದು ಮುದಿ ಎಮ್ಮಿ ಅಷ್ಟ ಇತ್ತು.

ಶಂಕ್ರಪ್ಪ: ಈಗ ಬಾಯಿಬಿಟ್ಟು ಹೇಳಿದ್ನಲ್ಲ, ದೊರಿ ಅಂತ. ಹಿಡೀರಿ ಹಂಗಾರ.

ಮಲ್ಲಿಕಸಾಬ: ಹೇಳಿದ್ದಕ್ಕ ಹಿಡ್ಯಾಕ ಬರೂದಿಲ್ಲ. ಹಾಡಿದವ್ರನ್ನ ಹಿಡೀರಿ ಅಂತ ಮ್ಯಾಲಿಂದ ಹುಕುಂ ಬಂದೈತಿ.

ಅಷ್ಟರಲ್ಲಿ ಶಂಕ್ರಪ್ಪನ ಹೆಂಡತಿ ವೀರವ್ವ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಾವಿಯಿಂದ ಬಂದಳು.

ವೀರವ್ವ: ಇನ್ನೂ ಇಲ್ಲೇ ಅದೀರಿ? ಜೇಲಿಗೆ ಹೊಂಟೀರಂತ ನಿಮ್ಮ ಪಾಲಿನ ರೊಟ್ಟೀನ ಬಡದಿಲ್ಲ ನಾನು.

ಶಂಕ್ರಪ್ಪ: ನನಗ್ಯಾಕ ಹೇಳ್ತಿ? ಇವ್ರಿಗೆ ಹೇಳು. ಹಿಡೀವೊಲ್ರು.

ವೀರವ್ವ: ಮಲ್ಲಿಕಸಾಬಣ್ಣ, ಇದೇನ್ ಇವತ್ತಿಂದಲ್ಲ. ಇವ್ರ ಮ್ಯಾಳದ ಇತಿಹಾಸನ ಇಷ್ಟು. ಉಪ್ಪಿನ ಸತ್ಯಾಗ್ರಹದಾಗ ಹಾನಗಲ್ಲಾಗ ಹಾಡಿಕೋತ ಹೊಂಟ್ರು. ಪೊಲೀಸ್ರು ಮದುವಿ ದಿಬ್ಬಣ ಅಂತ ತಿಳದು ಗಾಡಿ ಸರಿಸಿ ದಾರಿ ಮಾಡಿಕೊಟ್ರು.

ಶಂಕ್ರಪ್ಪ: ಅವತ್ತ ನಮ್ಮ ಮ್ಯಾಳದ ಗುಡ್ಡಪ್ಪ ತಲಿಗೆ ಹೊಸಾ ಪಟಗಾ ಸುತ್ತಿದ್ದ. ತಪ್ಪು ಪಟಗಾದ್ದು.

ವೀರವ್ವ: ಕರ ಕೊಡಬ್ಯಾಡ್ರಿ ಅನ್ನೂ ಚಳವಳಿ ಒಳಗ ಹಿರೇಕೆರೂರ ಸಂತ್ಯಾಗ ಹಾಡಿದ್ರು. ಪೊಲೀಸ್ರು ಟೊಪ್ಪಿಗಿ ತಗದು ಕೈಯಾಗ ಹಿಡಕೊಂಡು, ‘ಸತ್ತಾಂವಗ ಎಷ್ಟ ವಯಸ್ಸಾಗಿತ್ರಿ?’ ಅಂತ ಕೇಳಿದ್ರು.

ಶಂಕ್ರಪ್ಪ: ಸವಣೂರಿಂದು ಹೇಳು! ಅಲ್ಲಿ ನಮಗ ಮರ್ಯಾದಿ ಸಿಕ್ಕಿತ್ತು.

ವೀರವ್ವ: ಹೌದ್ ಹೌದು. ನವಾಬರ ಜವಾನ ಒಂದ ಕಟ್ಟು ವೀಳ್ಯೇದೆಲಿ ಕೊಟ್ಟು, ‘ಬಾಯಿ ತುಂಬ ಹಾಕ್ಕೊಳ್ರಿ’ ಅಂದ. ಬಾಯಿ ತುಂಬಿದ್ರ ಹಾಡು ನಿಲ್ಲತೈತಲ್ಲ!

ಮಲ್ಲಿಕಸಾಬ ನಕ್ಕ. ಮೇಳದವರಲ್ಲೂ ಇಬ್ಬರು ನಕ್ಕರು. ಶಂಕ್ರಪ್ಪನ ಕಣ್ಣಲ್ಲಿ ಮಾತ್ರ ನಿಜವಾಗಿಯೂ ನೀರು ಬಂತು.

ಶಂಕ್ರಪ್ಪ: ನಗ್ರಿ. ಇಕಿ ತಮ್ಮನ ಹುಲಗೂರ ಮ್ಯಾಳ ಹೋದ ವರ್ಷ ಹುಟ್ಟಿದ್ದು. ಒಂದ ಹಾಡಿಗೆ ಜೇಲು ಸಿಕ್ತು! ಬಿಡುಗಡಿ ಆಗಿ ಬಂದಾಂವ ನನಗ ಏನಂದ ಗೊತ್ತೈತೇನ್ರಿ? ‘ಮಾವ, ನೀವು ಆರಾಮ ಭಜನಿ ಮಾಡ್ರಿ, ದೇಶ ನಾವು ನೋಡ್ಕೋತೇವಿ’ ಅಂದ. ಹನ್ನೆರಡ ವರ್ಷದ ಮ್ಯಾಳ ಐತ್ರಿ ನಂದು! ನಾಳೆ ಸ್ವರಾಜ್ಯ ಬಂದು, ನೀವೇನ್ ಮಾಡಿದ್ರಿ ಅಂತ ಮಂದಿ ಕೇಳಿದ್ರ, ಎಲಿ ತಿಂದ್ವಿ ಅನ್ಲೇನು?

ಪೊಲೀಸನ ಮನಸ್ಸು ಕರಗಿತು. ಕೆಟ್ಟದ್ದು ಅಲ್ಲೇ.

ಮಲ್ಲಿಕಸಾಬ: ಆತು ಬಿಡು. ಒಂದ ಸಲ ಸ್ವಚ್ಛ ಹಾಡು. ಹಿಡೀತೇನಿ.

ಶಂಕ್ರಪ್ಪ: ಬಿಳೀಈಈ... ಒಓಓ... ರೀಈಈ...

ಮಲ್ಲಿಕಸಾಬ: ತಡಿ, ತಡಿ. ದೊರಿ ಒಳಗಿನ ‘ದ’ ಎಲ್ಲಿ ಹೋತು?

ಶಂಕ್ರಪ್ಪ: ಮುಂದಿನ ಹಲ್ಲ ಇಲ್ರಿ. ಅಲ್ಲೇ ಪಾರಾಗಿ ಹೋಗತೈತಿ.

ಮಲ್ಲಿಕಸಾಬ: ನಾಲಿಗಿ ಮ್ಯಾಲೆ ತಾಗಸಬೇಕೋ! ಮೊಹರಂ ಅಲಾಯಿ ಹಬ್ಬದಾಗ ಊರೆಲ್ಲಾ ಕೇಳೂಹಂಗ ರಿವಾಯತ ಪದಾ ಹಾಡಿ ಬೆಳದಾಂವ ನಾನು. ನಿನ್ನ ಹಾಡು ಕೇಳಿದ್ರ ನನ್ನ ಹೊಟ್ಟಿ ಉರೀತೈತಿ. ಇಲ್ಲಿ ನೋಡು, ಹಿಂಗ!

ಮಲ್ಲಿಕಸಾಬ ಲಾಠಿಯನ್ನು ಗೋಡೆಗೆ ಒರಗಿಸಿದ. ಒಂದು ಕೈ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಎತ್ತಿದ.

“ಬಿಳಿ ದೊರೀ, ಊರ ಬಿಡೋ! ಗಂಟುಮೂಟಿ ಕಟ್ಟಿ ನಡಿಯೋ!”

ಅಕ್ಷರ ಅಕ್ಷರ ಬಿಡಿಬಿಡಿಯಾಗಿ ಊರ ತುಂಬ ಕೇಳಿಸಿತು. ಜನ ಮನೆಬಿಟ್ಟು ಹೊರಗೆ ಬಂದರು. ಮೇಳದವರು ಮೈಮರೆತು ತಾಳ ಹಾಕಿದರು. ಮೇಳ ಹುಟ್ಟಿದ ಮೇಲೆ ಎಲ್ಲರ ತಾಳ ಒಟ್ಟಿಗೆ ಬಿದ್ದದ್ದು ಅದೇ ಮೊದಲು. ಮಲ್ಲಿಕಸಾಬ ಕಣ್ಣು ತೆರೆದಾಗ ಎದುರಿಗೆ ಫೌಜದಾರರು ಸೈಕಲ್ಲಿನಿಂದ ಇಳಿಯುತ್ತಿದ್ದರು.

ಫೌಜದಾರ: ಏನಿದು ಮಲ್ಲಿಕ?

ಮಲ್ಲಿಕಸಾಬ: ಸಲಾಂ ಸಾಹೇಬ್ರ. ಹಾಡು ಇವ್ರದ್ರಿ. ನಾ ಬರೇ ಕಲಿಸಾಕತ್ತಿದ್ದೆ.

ಫೌಜದಾರ: ಕಲಿಸಾಕತ್ತಿದ್ದ್ಯಾ? ಹಂಗಾರ ಮುಖಂಡ ನೀನ!

ಶಂಕ್ರಪ್ಪ: ಮುಖಂಡ ನಾನರಿ! ಮೊದಲಿಂದ ನಾನರಿ!

ಫೌಜದಾರ: ಹೌದಾ? ಹಾಡು, ನೋಡೂಣು.

ಶಂಕ್ರಪ್ಪ ಪ್ರಾಣ ಒತ್ತೆ ಇಟ್ಟು ಹಾಡಿದ. ಕುತ್ತಿಗೆಯ ನರಗಳು ಉಬ್ಬಿದವು. ಫೌಜದಾರರು ಹತ್ತಿರ ಬಂದು ಕನಿಕರದಿಂದ ಅವನ ಬೆನ್ನು ಸವರಿದರು.

ಫೌಜದಾರ: ಎಷ್ಟ ದಿನದಿಂದ ಐತಪ್ಪಾ ಈ ಹೊಟ್ಟಿನೋವು? ಶಿಗ್ಗಾಂವಿ ದವಾಖಾನಿಗೆ ಹೋಗಿ ತೋರಿಸು. ನಡಿಯೋ ಮಲ್ಲಿಕ, ಪಟ್ಟಾ ಬಿಚ್ಚು.

ಮಲ್ಲಿಕಸಾಬ ಸೊಂಟದ ಸರಕಾರಿ ಪಟ್ಟಾ ಬಿಚ್ಚಿ ಕೊಟ್ಟು, ಕೈದಿಯಾಗಿ ಸೈಕಲ್ಲಿನ ಹಿಂದೆ ನಡೆದ. ಎತ್ತಿದ ಹಾಡನ್ನು ಅರ್ಧಕ್ಕೆ ಬಿಡುವುದು ಅವನ ಜಾಯಮಾನವಲ್ಲ. ಊರ ಅಗಸಿ ದಾಟುವಾಗ ಎರಡನೆಯ ನುಡಿ ಎತ್ತಿಕೊಂಡ.

ಶಂಕ್ರಪ್ಪ: ಹೋತಲ್ಲೇ ವೀರೀ! ನನ್ನ ಜೇಲು ಅಂವ ತಗೊಂಡ ಹೋದ!

ವೀರವ್ವ ಕೊಡ ಕೆಳಗಿಟ್ಟು ಸೆರಗಿನಿಂದ ಗಂಡನ ಮುಖ ಒರೆಸಿದಳು.

ವೀರವ್ವ: ಯಾಕ ಅಳ್ತೀರಿ? ನನ್ನ ತಮ್ಮಗ ನಾನ ಹೇಳ್ತೇನಿ. ಪೊಲೀಸ್ರು ಹಿಡಕೊಂಡ ಹೋದ ಮ್ಯಾಳ ಊರಿಗೊಂದ ಅದಾವು. ಪೊಲೀಸನ್ನ ಜೇಲಿಗೆ ಕಳಿಸಿದ್ದು ನನ್ನ ಗಂಡನ ಮ್ಯಾಳ ಒಂದ!