ಮೋರಿ ಇಲ್ಲದ ಮನೆಯಲ್ಲಿ ಹನ್ನೊಂದು ಬಕೆಟ್ ನೀರು

ಎಂಜಿನ್ನಿನೊಳಗೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಉದ್ಯೋಗ. ಇದಕ್ಕಾಗಿಯೇ ಜರ್ಮನ್ ಸರ್ಕಾರ, ಕಂಪ್ಯೂಟರಿನವರಿಗೆಂದು ಆಗ ಹೊಸದಾಗಿ ತಂದಿದ್ದ ಗ್ರೀನ್ ಕಾರ್ಡ್ ಕೊಟ್ಟು ನನ್ನನ್ನು ವೋಲ್ಫ್ಸ್‌ಬುರ್ಗಿಗೆ ಬರಮಾಡಿಕೊಂಡಿತ್ತು. ಆದ್ದರಿಂದ ನೀರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ತಿಳಿದಿದ್ದೆ.

ಹೆಂಡತಿ ಸುಧಾ ಗದಗಿನಲ್ಲಿದ್ದಳು. ಮದುವೆಯಾಗಿ ಹದಿನಾಲ್ಕು ತಿಂಗಳು. ಅದರಲ್ಲಿ ನಾವು ಜೊತೆಗಿದ್ದದ್ದು ಹತ್ತೊಂಬತ್ತು ದಿನ. ಅವಳಿಗೆ ವೀಸಾ ಸಿಗಬೇಕಾದರೆ ನನ್ನ ಹೆಸರಿನಲ್ಲಿ ಬಾಡಿಗೆ ಮನೆಯ ಕರಾರುಪತ್ರ ಬೇಕು, ಕಂಪನಿ ಕೊಟ್ಟ ಕೋಣೆ ನಡೆಯುವುದಿಲ್ಲ. ನಾಲ್ಕು ತಿಂಗಳು ಅಲೆದ ಮೇಲೆ ಮೂರನೇ ಮಹಡಿಯಲ್ಲಿ ಒಂದು ಮನೆ ಸಿಕ್ಕಿತು. ಮಾಲಕಿ ಫ್ರೌ ಲಾಂಗೆ ಶುಕ್ರವಾರ ಕೀಲಿ ಕೊಟ್ಟು, "ಸೋಮವಾರ ಬಂದು ಸಹಿ ಹಾಕುತ್ತೇನೆ," ಎಂದರು.

ಅದೇ ದಿನ ಮೆಟ್ಟಿಲ ಮೇಲೆ ಕೆಳಗಿನ ಮನೆಯ ಮುದುಕ ಸಿಕ್ಕ. ಹೆಸರು ಸಾಲ್ವಾತೋರೆ, ಇಟಲಿಯವನು. ಕಾರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಗಿಲು ಜೋಡಿಸಿ ನಿವೃತ್ತನಾದವನು. "ನೀನೂ ಗಾಸ್ಟ್‌ಆರ್ಬೈಟರೇ?" ಎಂದು ಹರಕು ಜರ್ಮನ್ನಿನಲ್ಲಿ, ಪ್ರೀತಿಯಿಂದಲೇ ಕೇಳಿದ. ದುಡಿಯಲು ಬಂದ ಅತಿಥಿ ಎಂದು ಅರ್ಥ; ಹಿಂದೆ ಹೊರದೇಶಗಳಿಂದ ಕೂಲಿಗೆ ಕರೆಸಿದವರಿಗೆ ಇಟ್ಟ ಹೆಸರು. ನನಗೆ ಮೈ ಉರಿಯಿತು.

"ಅಲ್ಲ, ನಾನು ಎಂಜಿನಿಯರ್. ನನ್ನನ್ನು ಸರ್ಕಾರವೇ ಕರೆಸಿದೆ," ಎಂದೆ.

"ನನ್ನನ್ನೂ ಸರ್ಕಾರವೇ ಕರೆಸಿತ್ತು," ಎಂದು ಅವನು ತರಕಾರಿ ಚೀಲ ಎತ್ತಿಕೊಂಡು ಹೋದ.

ಶನಿವಾರ ಬೆಳಿಗ್ಗೆ ಸುಧಾಗೆ ಫೋನ್ ಮಾಡಿದೆ.

"ಹೊಸ ಮನಿ ಅಂದ್ರ ಹಂಗ ಒಳಗ ಕಾಲಿಡಬಾರದ್ರಿ. ಮೊದಲ ತೊಳೀರಿ, ಆಮ್ಯಾಲೆ ಹಾಲ ಉಕ್ಕಸ್ರಿ," ಎಂದಳು.

"ಇಲ್ಲಿ ಎಲ್ಲಾರೂ ಬರೇ ಒರಸ್ತಾರ."

"ಒರಸಿದ್ರ ತೊಳದಂಗ ಆಕ್ಕೈತೇನ್ರಿ? ಬಕೀಟ್ ತಗೊಂಡ ಸುರೀರಿ."

ಮಾತು ಸರಿ ಎನ್ನಿಸಿತು. ಒಲೆಯ ಮೇಲೆ ಹಾಲಿಟ್ಟು, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಶಾಸ್ತ್ರೋಕ್ತವಾಗಿ ಆರಂಭಿಸಿದೆ. ಹನ್ನೊಂದು ಬಕೆಟ್. ಕಸಬರಿಗೆಯಿಂದ ದಬ್ಬುತ್ತ ದಬ್ಬುತ್ತ ಇಡೀ ಪ್ರವಾಹವನ್ನು ಬಚ್ಚಲಿಗೆ ತಂದು ಮುಟ್ಟಿಸಿದೆ. ಆಮೇಲೆ ಮೋರಿ ಹುಡುಕಿದೆ.

ಮೋರಿ ಇರಲಿಲ್ಲ!

ನಾಲ್ಕೂ ಮೂಲೆ ನೋಡಿದೆ. ಸ್ನಾನದ ತೊಟ್ಟಿಯ ಕೆಳಗೆ ಬಗ್ಗಿ ನೋಡಿದೆ. ಈ ದೇಶದವರ ಸ್ನಾನವೆಲ್ಲ ತೊಟ್ಟಿಯೊಳಗೇ, ನೆಲಕ್ಕೆ ನೀರು ಬೀಳುವುದೇ ಇಲ್ಲ. ಹಾಗಿರುವಾಗ ನೆಲದಲ್ಲಿ ಕಿಂಡಿ ಯಾಕೆ ಇಟ್ಟಾರು? ಆದರೂ ನೀರು ಇಳಿಯುತ್ತಿತ್ತು. ಎಲ್ಲಿಗೆ ಹೋಗುತ್ತಿದೆ ಎಂದು ತಜ್ಞನಾದ ನಾನು ಯೋಚಿಸುತ್ತಿರುವಾಗಲೇ ಹಾಲು ಉಕ್ಕಿ ಸೀದ ವಾಸನೆ ಬಂತು. ಅದರ ಹಿಂದೆಯೇ ಕರೆಗಂಟೆ ಮೊಳಗಿತು.

ಬಾಗಿಲಲ್ಲಿ ಸಾಲ್ವಾತೋರೆ. ತಲೆ, ಹೆಗಲು ಒದ್ದೆ. ಕೈಯಲ್ಲಿ ನೆನೆದ ಪೇಪರು. ಇವನು ಒಂದು ಫೋನ್ ಮಾಡಿದರೆ ಸಾಕು, ಸೋಮವಾರ ಸಹಿ ಇಲ್ಲ, ಸುಧಾ ಇನ್ನೊಂದು ವರ್ಷ ಗದಗಿನಲ್ಲೇ. ನಿಜ ಹೇಳುತ್ತೇನೆ, ಕಸಬರಿಗೆ ಹಿಡಿದು ನಿಂತಲ್ಲೇ ನನಗೆ ಅಳು ಬಂತು.

ಅವನು ಬಕೆಟ್ ನೋಡಿದ, ನನ್ನ ಮೊಣಕಾಲು ನೋಡಿದ. "ಹೀಗೆ ತೊಳೆಯಲು ಯಾರು ಹೇಳಿದರು?"

"ಹೆಂಡತಿ."

"ನಮ್ಮೂರಿನಲ್ಲೂ ಹೀಗೆಯೇ ತೊಳೆಯುವುದು," ಎಂದು ಬೂಟು ಬಿಚ್ಚಿದ.

ಕೆಳಗಿನಿಂದ ಹಳೆಯ ಟವೆಲ್ಲುಗಳನ್ನು ತಂದ. ಮಧ್ಯಾಹ್ನದವರೆಗೆ ಇಬ್ಬರೂ ನೀರು ಹಿಂಡಿದೆವು. ಹಿಂಡುತ್ತಲೇ ಹೇಳಿದ: "ನಾನು ಬಂದಾಗ ಮರದ ಶೆಡ್ಡಿನಲ್ಲಿ ಒಂದು ಕೋಣೆಗೆ ನಾಲ್ಕು ಜನ ಗಂಡಸರು. ಮನೆ ಇಲ್ಲ, ಹಾಗಾಗಿ ಹೆಂಡತಿಯೂ ಇಲ್ಲ. ಅವಳು ಬರಲು ಒಂಬತ್ತು ವರ್ಷ ಬೇಕಾಯಿತು. ಬಂದಾಗ ಮಗಳು ನನ್ನನ್ನು ಮಾಮಾ ಎಂದು ಕರೆದಳು."

ಮೆಟ್ಟಿಲ ಮೇಲೆ ಆಡಿದ ಮಾತು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ. "ಫ್ರೌ ಲಾಂಗೆಗೆ ಹೇಳುತ್ತೀರಾ?" ಎಂದು ಕೇಳಿದೆ.

"ಮೊದಲು ಸಹಿ ಆಗಲಿ. ನನ್ನ ಸೀಲಿಂಗಿಗೆ ಮಾತ್ರ ನೀನೇ ಬಣ್ಣ ಹೊಡಿ, ಎಂಜಿನಿಯರ್."

ಸಹಿ ಆಯಿತು. ಬಣ್ಣವೂ ಆಯಿತು. ಹಳದಿಗಟ್ಟಿದ ಹಳೆಯ ಸೀಲಿಂಗಿನ ನಡುವೆ ನಾನು ಬಳಿದ ಜಾಗವೊಂದೇ ಬೆಳ್ಳಗೆ ಎದ್ದು ಕಾಣುತ್ತಿತ್ತು. ಸುಧಾಗೆ ಫೋನಿನಲ್ಲಿ ಸಹಿಯ ಸುದ್ದಿ ಮಾತ್ರ ಹೇಳಿದೆ.

ಎರಡು ತಿಂಗಳಿಗೆ ಅವಳು ಬಂದಳು. ಬಂದವಳೇ ಕಾಲು ತೊಳೆಯಲು ಬಚ್ಚಲಿಗೆ ಹೋಗಿ ಬಾಗಿಲಲ್ಲೇ ನಿಂತಳು.

"ರೀ, ಇಲ್ಲಿ ಮೋರೀನ ಇಲ್ಲಲ್ರಿ. ನೀರ ಸುರದಿದ್ರ ಸೀದಾ ಕೆಳಗಿನವರ ತಲಿ ಮ್ಯಾಲೆ ಬೀಳ್ತಿತ್ತು. ನೀವು ಅವತ್ತ ನನ್ನ ಮಾತ ಕೇಳಲಿಲ್ಲ ಅನ್ನಸ್ತೈತಿ. ಛಲೋ ಆತು."

"ನಾ ಎಂಜಿನಿಯರ್ ಅಲ್ಲೇನ? ನೋಡಿದ ಕೂಡ್ಲೆ ಗೊತ್ತಾತು," ಎಂದೆ.

ಸಂಜೆ ಸಾಲ್ವಾತೋರೆ ಇಬ್ಬರನ್ನೂ ಕಾಫಿಗೆ ಕರೆದ. ಸುಧಾ ಕಪ್ಪು ಎತ್ತಿದವಳು ಹಾಗೆಯೇ ಮೇಲೆ ನೋಡಿದಳು. ಬೆಳ್ಳಗಿನ ಜಾಗವನ್ನು ನೋಡಿದಳು. ನಮ್ಮ ಬಚ್ಚಲು ಎಲ್ಲಿ ಬರುತ್ತದೆಂದು ಮನಸ್ಸಿನಲ್ಲೇ ಅಳೆದಳು. ಆಮೇಲೆ ನನ್ನನ್ನು ನೋಡಿದಳು.

ನಾನು ತಲೆ ತಗ್ಗಿಸಿ ಕಾಫಿಯಲ್ಲಿ ಸಕ್ಕರೆ ಕದಡುತ್ತಲೇ ಇದ್ದೆ. ಸಕ್ಕರೆ ಇನ್ನೂ ಹಾಕಿರಲಿಲ್ಲ.