ದೇವು ಹೆಂಡತಿಯನ್ನು ಕರೆಯಲು ಹೋದದ್ದು

ಮಳೆ ಹಿಂದೆ ಸರಿದಿತ್ತು, ಕಡಲಿನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಓಡುತ್ತಿದ್ದ ಬೈಂದೂರಿನ ಬಸ್ಸು ಕೆಮ್ಮಿ ಕೆಮ್ಮಿ ಮಲಗಿಬಿಟ್ಟಿತ್ತು. ಅಂಥ ಒಂದು ಅಮಾಸೆಯ ಆದಿತ್ಯವಾರ, ಕಾಗೆ ಕೂಗುವ ಹೊತ್ತಿಗೆ, ಪಡುವರಿಯ ಹಗ್ಗ ಹೊಸೆಯುವ ದೇವು ಮುಖ ತೊಳೆದು ಹೊರಟು ನಿಂತ.

ಕಾರಣ ಸಣ್ಣದು. ಹೋದ ವಾರ ಹೆಂಡತಿ ಸರಸ ಹೊಸ ಸೀರೆ ಉಟ್ಟು ಎದುರು ನಿಂತು, "ಹ್ಯಾಂಗಿತ್ತ್?" ಎಂದಳು. ದೇವು ಹೊಸೆಯುತ್ತಿದ್ದ ಹಗ್ಗದಿಂದ ಕಣ್ಣೆತ್ತದೆ, "ಗಟ್ಟಿ ಇತ್ತ್," ಎಂದ. ಸರಸ ಅದೇ ಸೀರೆಯಲ್ಲಿ ಶಿರೂರಿನ ತವರಿಗೆ ನಡೆದಳು. ಅಲ್ಲಿಂದ ಮೀನು ಮಾರುವವಳ ಬಾಯಲ್ಲಿ ಮಾತು ಬಂತು: "ಆದಿತ್ಯವಾರ ಹೊತ್ತ್ ಕಂತುದ್ರೊಳ್ಗೆ ಬಂದ್ ಕರೀಕ್. ಇಲ್ದಿದ್ರೆ ನಾ ಬಪ್ಪುದಿಲ್ಲ, ಅಂವ ಹಗ್ಗದ್ ಒಟ್ಟಿಗೇ ಸಂಸಾರ ಮಾಡ್ಲಿ."

ಶಿರೂರಿಗೆ ಎರಡು ದಾರಿ. ಒತ್ತಿನೆಣೆ ಗುಡ್ಡದ ಮೇಲಿನದು ಬಳಸು ದಾರಿ, ಸಾಲದ್ದಕ್ಕೆ ಉದ್ದಕ್ಕೂ ನೆಂಟರ ಮನೆಗಳು. ಹೆಂಡತಿ ಹೋದ ಸುದ್ದಿ ಕೆದಕದೆ ಅವರಲ್ಲಿ ಒಬ್ಬರೂ ಬಿಡುವವರಲ್ಲ. ಗುಡ್ಡದ ಬುಡದಲ್ಲಿ, ಕಡಲಿಗೆ ತಾಗಿದ ಬಂಡೆಗಳ ಮೇಲಿನದು ಹತ್ತಿರದ್ದು. ಆದರೆ ನೀರು ಇಳಿದಾಗ ಮಾತ್ರ ಅದು ದಾರಿ. ಭರತ ಏರಿದರೆ ಅದೂ ಕಡಲೇ.

ದೇವು ಬಂಡೆಯ ದಾರಿಯನ್ನೇ ಗಟ್ಟಿ ಮಾಡಿದ. ಕೈಗೆ ಬಿದಿರ ಕೋಲು, ಸೊಂಟಕ್ಕೆ ತಾನೇ ಹೊಸೆದ ಹಗ್ಗ, ಬಟ್ಟೆಯಲ್ಲಿ ಅವಲಕ್ಕಿ, ಹೆಗಲಿಗೆ ಎಳನೀರಿನ ಒಂದು ಬೊಂಡ. ಹೆಂಡತಿಯನ್ನು ಕರೆಯಲು ಹೊರಟವನು ಹೆಣವಾಗಿ ತಲುಪಬಾರದಲ್ಲ.

ಬೇಲಿಬಾಗಿಲ ದಣಪೆ ದಾಟಿದ್ದೇ ತಡ, ಆಚೆ ಮನೆಯ ಗಣಪ ಬೇಲಿಯ ಮೇಲೆ ತಲೆ ಹಾಕಿದ. "ಹ್ವಾಯ್ ದೇವು, ಎಲ್ಲಿಗ್ ಹೋಪ್ದ್?"

ದೇವುವಿನ ಕಾಲು ಮುಳ್ಳು ತುಳಿದಂತೆ ನಿಂತಿತು. ಹೊರಟವನನ್ನು ಎಲ್ಲಿಗೆ ಎಂದು ಕೇಳುವುದುಂಟೇ? ದೂರವೋ ಎನ್ನಬೇಕು. ಕೇಳಿಬಿಟ್ಟರೆ ಹೊರಟ ಕೆಲಸ ಕೆಟ್ಟಿತು. ಮನೆಗೆ ತಿರುಗಿ, ಗಂಟೆ ಹೊತ್ತು ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ದೇವು ಹಲ್ಲು ಕಚ್ಚಿ ತಿರುಗಿದ. ಕೂತ. ಒಂದು ಚೂರು ಬೆಲ್ಲ ಕಡಿದು, ಚೊಂಬು ನೀರು ಕುಡಿದು ಎದ್ದ.

ಈ ಸಲ ಗಣಪನ ಹೆಂಡತಿ ಮುತ್ತು ಅಂಗಳದಲ್ಲಿ ನಿಂತು ಗಂಡನಿಗೆ ಬೈಯುತ್ತಿದ್ದಳು. "ನಿಮ್ಗೆ ಬುದ್ಧಿ ಇತ್ತಾ? ಹೆಂಡ್ತಿ ಕರೂಕ್ ಹೊರ್ಟವ್ನ್ ಹತ್ರ ಎಲ್ಲಿಗ್ ಹೋಪ್ದ್ ಅಂದೇಳಿ ಕೇಂಬ್ದಾ?"

ಬೈಗುಳದೊಳಗಿನ ಮಾತೂ ಮಾತೇ. ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ದೇವು ಅರೆಗಳಿಗೆ ಯೋಚಿಸಿ, ಯಾಕೆ ಬೇಕು ಎಂದು ಮತ್ತೆ ತಿರುಗಿದ. ಮತ್ತೆ ಬೆಲ್ಲ, ಮತ್ತೆ ನೀರು.

ಮೂರನೆಯ ಸಲ ಹೊರಟಾಗ ಗಣಪನೇ ದಾರಿಗೆ ಅಡ್ಡ ಬಂದು ಕೈ ಹಿಡಿದ. "ತಪ್ಪಾಯ್ತ್ ಮಾರಾಯ. ಇನ್ ಕೇಂತಿಲ್ಲೆ. ನೀ ಎಲ್ಲಿಗ್ ಬೇಕಾರೂ ಹೋಗ್. ಅಲ್ಲ, ಬಂಡೆ ದಾರಿಯಂಗ್ ಹೋಪ್ದಾ, ಗುಡ್ಡಿ ಮೇಲ್ ಹೋಪ್ದಾ?"

ದೇವು ತಿರುಗಿ ಹೋಗಿ ಕೂತ. ಬೆಲ್ಲ ಮುಗಿದಿತ್ತು. ಬರೀ ನೀರು ಕುಡಿದ.

ಬಂಡೆಗಳ ಬುಡಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು, ಹೊಟ್ಟೆ ನೀರು ತುಂಬಿದ ಚರ್ಮದ ಚೀಲದಂತೆ ಕುಲುಕುತ್ತಿತ್ತು. ಅಲ್ಲಿ ಮೀನು ಒಣಗಿಸುವ ಬೆಳ್ಳಿಯ ಗುಡಿಸಲು. ಬಂಡೆಯ ಮೇಲೆ ಹೋಗುವವರು ಅವಳಿಗೆ ಹೇಳಿಯೇ ಹೋಗುವುದು ವಾಡಿಕೆ. ತಿರುಗಿ ಬರದಿದ್ದರೆ ಹುಡುಕಲು ದೋಣಿ ಕಳಿಸುವವಳು ಅವಳೇ.

"ದೂರವಾ?" ಎಂದಳು ಬೆಳ್ಳಿ.

ಆ ಒಂದು ಮಾತಿಗೆ ದೇವುವಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. "ಶಿರೂರಿಗೆ, ಅಕ್ಕ. ಸರಸನ್ನ ಕರೂಕೆ."

"ಈಗ ಆತಿಲ್ಲೆ. ಭರ್ತ ತುಂಬಿತ್ ಕಾಣ್. ಬೆಳಿಗ್ಗೆ ಇಳ್ತ ಇಪ್ಪತಿಗೆ ಎಂತ ಮಾಡ್ತಿದ್ದೆ?"

"ನೀರ್ ಕುಡೀತಿದ್ದೆ."

ಬೆಳ್ಳಿ ಅವನನ್ನು ನೆರಳಲ್ಲಿ ಕೂರಿಸಿದಳು. ನೀರು ಇಳಿಯತೊಡಗುವವರೆಗೆ ಬಿಡಲಿಲ್ಲ. ಬಿಡುವಾಗಲೂ ಹೇಳಿದಳು: "ಹಸ್ರ್ ಪಾಚಿ ಮೆಟ್ಬೇಡ. ದೊಡ್ಡ ಅಲೆ ಕಂಡ್ರೆ ಹಿಂದ್ ಬಾ, ನಾಚ್ಕಿ ಮಾಡ್ಬೇಡ. ಬಂಡೆಗ್ ಕಚ್ಕಂಡ ಪಚ್ಚಿಲೆ ಚಿಪ್ಪಿನ್ ಮರಿ ಕೀಳ್ಬೇಡ. ಬೊಂಡದ್ ಚಿಪ್ಪ್ ಅಲ್ಲೆಲ್ಲೂ ಎಸೀಬೇಡ."

"ಸರಸನ್ನ ಮದಿ ಆಪತಿಗೂ ನಂಗ್ ಯಾರೂ ಇಷ್ಟ್ ಕಟ್ಟಳೆ ಹೇಳ್ಲಿಲ್ಲ, ಅಕ್ಕ."

"ಅದ್ಕೇ ನೀ ಇವತ್ ಇಲ್ಲ್ ಬಂದ್ ಕೂತದ್ದ್."

ದೇವು ಹೇಳಿದಂತೆಯೇ ನಡೆದ. ಕೋಲು ಊರಿ ನೋಡುವುದು, ಆಮೇಲೆ ಕಾಲಿಡುವುದು. ಅಲೆ ಮೈಮುರಿದು ಏಳುವುದು ಕಂಡರೆ ಮುಂಡು ಎತ್ತಿ ಹಿಂದಕ್ಕೆ ಓಡುವುದು. ಅದು ಇಳಿದ ಮೇಲೆ ಮತ್ತೆ ಮುಂದೆ. ದೂರದಿಂದ ಕಂಡವರು ಇವನಿಗೂ ಕಡಲಿಗೂ ಗಡಿ ತಕರಾರು ಎಂದುಕೊಳ್ಳಬೇಕು. ಒಂದು ಬಿರುಕಿನ ಹತ್ತಿರವಂತೂ ಎಷ್ಟು ಸಲ ಮುಂದೆ ಹೋಗಿ ಹಿಂದೆ ಬಂದನೋ ಅವನಿಗೇ ತಿಳಿಯದು. ಅವಲಕ್ಕಿ ಕಡಲ ಪಾಲಾಯಿತು. ಮೊಣಕಾಲು ತರಚಿತು. ಒಂದು ಏಡಿ ಮುಂಡಿನ ಅಂಚು ಹಿಡಿದು ಸ್ವಲ್ಪ ದೂರ ನೆಂಟನಂತೆ ಜೊತೆಗೂ ಬಂತು. ಕುಡಿದ ಬೊಂಡದ ಚಿಪ್ಪನ್ನು ಮಾತ್ರ ಅವನು ಕಂಕುಳಿನಿಂದ ಬಿಡಲಿಲ್ಲ.

ಹೊತ್ತು ಕಂತಲು ಇನ್ನೂ ಒಂದು ಮಾರು ಇದ್ದಾಗ ದೇವು ಅತ್ತೆ ಜಲಜಮ್ಮನ ಅಂಗಳದಲ್ಲಿ ನಿಂತ. ಮೈಯೆಲ್ಲ ಉಪ್ಪು, ಕಂಕುಳಲ್ಲಿ ಬೊಂಡದ ಚಿಪ್ಪು. ಮೊದಲು ಪಡುವಣಕ್ಕೆ ಬೆರಳು ತೋರಿಸಿದ.

"ಕಾಣಿ ಅತ್ತಿ. ಹೊತ್ತ್ ಕಂತಲಿಲ್ಲ."

"ಕಂಡೆ," ಎಂದರು ಜಲಜಮ್ಮ. "ನಿಮ್ಮನ್ನ ಸರಸನೂ ಕಂಡಿತ್."

"ಎಲ್ಲಿಂದ?"

"ಗುಡ್ಡಿ ನೆತ್ತಿಯಿಂದ. ಮಧ್ಯಾಹ್ನದಿಂದ ಅಲ್ಲೇ ನಿಂತ್ಕಂಡ್ ನಿಮ್ಮ್ ದಾರಿ ಕಾಯ್ತಿದ್ದಿತ್. ನೀವ್ ಎರ್ಡ್ ಹೆಜ್ಜಿ ಮುಂದ್ ಬಪ್ದ್, ತಿರ್ಗಿ ಓಡ್ದ್. ಮತ್ ಬಪ್ದ್, ಮತ್ ಓಡ್ದ್. ಬಂದ್ ನನ್ನ ಹತ್ರ ಹೇಳ್ತ್, 'ಅಬ್ಬೆ, ಕರೂಕ್ ಮನಸ್ಸಿದ್ದವ ಹೀಂಗ್ ಮಾಡ್ತ್ನಾ?'"

"ಅದ್ ಜಾಗ್ರತಿ, ಅತ್ತಿ. ಅಲೆ ಬತ್ತಿತ್ತ್."

"ಅಷ್ಟೆತ್ರದಿಂದ ಅಲೆ ಎಲ್ಲ್ ಕಾಂತತ್? ನೀವ್ ಓಡುದ್ ಕಾಂತಿತ್."

ದೇವು ಜಗಲಿಯ ಮೇಲೆ ಮೆಲ್ಲಗೆ ಕೂತ. "ಈಗ ಸರಸ ಎಲ್ಲಿತ್ತ್?"

"ನಿಮ್ಮನ್ನ ಕೇಂಬುಕೇ ಹೋಯ್ತ್. 'ಅಂವ ಅರ್ಧ ದಾರಿಂದ ಮನಿಗ್ ತಿರ್ಗಿರ್ತ, ಮನಿಯಗೇ ಹಿಡ್ದ್ ಕೇಂತೆ' ಅಂದೇಳಿ, ಗುಡ್ಡಿ ದಾರಿ ಹಿಡ್ದ್ ಹೋಯಿ ಆಯ್ತ್."

ಕತ್ತಲಲ್ಲಿ ಹೊರಡಲು ಜಲಜಮ್ಮ ಬಿಡಲಿಲ್ಲ. ದೇವು ಉಂಡು ಮಲಗಿದ. ನಾಳೆ ತಾನೂ ಗುಡ್ಡದ ಮೇಲೆಯೇ ಹೋಗುವುದು, ನೆಂಟರು ಏನು ಬೇಕಾದರೂ ಕೇಳಲಿ. ಅವಳು ತಿರುಗಿ ಬಂದರೂ ಅದೇ ದಾರಿಯಲ್ಲಿ ಬರುವುದು ತಾನೆ, ಎದುರಿಗೆ ಸಿಕ್ಕೇ ಸಿಗುತ್ತಾಳೆ ಎಂದು ಗಟ್ಟಿ ಮಾಡಿಕೊಂಡ.

ಅತ್ತ ಪಡುವರಿಯಲ್ಲಿ ಸರಸ ಚಿಲಕ ಹಾಕಿದ ಬಾಗಿಲು ನೋಡಿ, ಮುತ್ತುವಿನ ಮನೆಯಲ್ಲಿ ಇರುಳು ಕಳೆದು, ನಸುಕಿಗೆ ಬೆಳ್ಳಿಯ ಗುಡಿಸಲಿಗೆ ಬಂದಳು. ಅವನು ಅರ್ಧ ದಾರಿಯಿಂದ ತಿರುಗಲಿಲ್ಲ, ಶಿರೂರಿನ ದಡ ಹತ್ತಿದ್ದನ್ನು ಮೀನು ದೋಣಿಯವರು ಕಂಡಿದ್ದಾರೆ ಎಂದು ಬೆಳ್ಳಿಯಿಂದ ತಿಳಿಯಿತು. ಸರಸಳ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಕಡಲೂ ಇಳಿದಿತ್ತು, ಅವನು ಬಂಡೆಯ ಮೇಲೆಯೇ ತಿರುಗಿ ಬರುವುದು, ಎದುರಿಗೆ ಸಿಗುತ್ತಾನೆ ಎಂದುಕೊಂಡಳು.

ಸೋಮವಾರ ಬೆಳಕು ಹರಿಯುವಾಗ ಇಬ್ಬರೂ ಹೊರಟರು. ದೇವು ಗುಡ್ಡದ ದಾರಿಯಲ್ಲಿ, ಸರಸ ಬಂಡೆಯ ದಾರಿಯಲ್ಲಿ.