ಮದುವೆ ಅಳಿಸುವ ಮೈದುನ

ನನ್ನ ಮೈದುನ ಬೆಳಗ್ಗೆ ತಿಂಡಿಗೆ ಮುಂಚೆ ಯಾರದಾದರೂ ಒಂದು ಮದುವೆಯನ್ನು ಅಳಿಸಿಹಾಕುತ್ತಾನೆ. ಗಾಬರಿಯಾಗಬೇಡಿ, ನನ್ನ ಒಪ್ಪಿಗೆ ಇಲ್ಲದೆ ಅವನು ಯಾರ ಮದುವೆಗೂ ಕೈ ಹಾಕುವವನಲ್ಲ! ನಾನು ನಂಜನಗೂಡಿನಲ್ಲಿ ಚಟ್ನಿಗೆ ಒಗ್ಗರಣೆ ಹಾಕುತ್ತಾ ಫೋನಿನಲ್ಲಿ ‘ಹೂಂ’ ಅಂತ ಬರೆಯುತ್ತೇನೆ. ಅವನು ಟಿ. ನರಸೀಪುರದಲ್ಲಿ ಕೂತು ಒಂದು ಗುಂಡಿ ಒತ್ತುತ್ತಾನೆ. ಬನ್ನೂರಿನಲ್ಲಿ ಒಂದು ಮದುವೆ ಇಲ್ಲವಾಗುತ್ತದೆ, ವರಪೂಜೆಯಿಂದ ಬೀಗರೂಟದವರೆಗೆ.

ಫೋಟೋಗಳ ಮಾತು ಹೇಳುತ್ತಿದ್ದೇನೆ. ಒಬ್ಬ ಸ್ಟುಡಿಯೋ ಮಾಲೀಕನಿಗೆ ನರಸೀಪುರದಲ್ಲೊಂದು, ಬನ್ನೂರಲ್ಲೊಂದು ಅಂಗಡಿ ಇದೆ. ಆಲ್ಬಂ ಮನೆ ಸೇರಿದರೂ ಮದುವೆಯ ಫೋಟೋ, ವಿಡಿಯೋ ಎಲ್ಲ ಅಂಗಡಿಯ ಕಂಪ್ಯೂಟರಿನ ಹೊಟ್ಟೆಯಲ್ಲೇ ಉಳಿದಿರುತ್ತವಂತೆ. ಹೊಟ್ಟೆ ಉಬ್ಬಿದರೆ ಹೊಸ ಮದುವೆಗೆ ಜಾಗವಿಲ್ಲ. ಹಳೆಯದನ್ನು ಖಾಲಿ ಮಾಡುವುದು ನನ್ನ ಮೈದುನನ ಕೆಲಸ, ಅದೂ ಮನೆಯಲ್ಲೇ ಕೂತು. ಅಂಗಡಿಗೇ ಹೋಗಿ ಮಾಡಬಾರದೇ ಅನ್ನುತ್ತೀರಾ? ಹೋಗಬೇಕಾದರೆ ಮನೆಗೆ ಬೀಗ ಹಾಕಬೇಕಲ್ಲ!

ಈ ಬೀಗದ ಕಥೆ ಹೇಳದಿದ್ದರೆ ನಿಮಗೆ ಅವನು ಅರ್ಥವಾಗುವುದಿಲ್ಲ. ಬೀಗ ಹಾಕುತ್ತಾನೆ, ಎಳೆದು ನೋಡುತ್ತಾನೆ, ಬೀದಿ ತಿರುವಿನವರೆಗೆ ಹೋಗಿ ವಾಪಸ್ ಬಂದು ಮತ್ತೆ ಎಳೆಯುತ್ತಾನೆ. ಆ ಎಳೆತಕ್ಕೇ ಎಷ್ಟೋ ಬೀಗಗಳು ಪ್ರಾಣ ಬಿಟ್ಟಿವೆ. ನಮ್ಮ ಮನೆಗೆ ಅಂತ ಬಸ್ಸು ಹತ್ತಿ, ಸುತ್ತೂರಿನಲ್ಲಿ ಇಳಿದು, ಎದುರು ಬಸ್ಸಿನಲ್ಲಿ ಬೀಗ ನೋಡಲು ವಾಪಸ್ ಹೋದವನು ಅವನು. ಪ್ರಾಯದಲ್ಲಿ ಹೆಣ್ಣು ನೋಡಲು ಕರೆದುಕೊಂಡು ಹೊರಟಾಗಲೂ ಹಾಗೇ ಆಯಿತು. ನಾವೆಲ್ಲ ಹುಡುಗಿ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದೆವು, ಗಂಡು ಬೀಗ ಎಳೆಯುತ್ತಾ ನಿಂತಿತ್ತು. ಮದುವೆ ಆಗಲಿಲ್ಲ. ಈಗ ಐವತ್ತು ದಾಟಿ, ಊರವರ ಮದುವೆ ಅಳಿಸಿಕೊಂಡು ಕೂತಿದ್ದಾನೆ!

ಇಂಥ ಪುಕ್ಕಲನಿಗೆ ಅಳಿಸುವ ಕೆಲಸವೇ? ಒಂದು ಸಲ ಹೋಗಿ ನೋಡಿದೆ. ಕಪ್ಪು ಪರದೆ. ಚಿತ್ರವಿಲ್ಲ, ಓಡಾಡುವ ಬಾಣವಿಲ್ಲ. ಮೊದಲು ‘ಅಳಿಸು’ ಅನ್ನುವ ಮಾತು ಬರೆಯಬೇಕು, ಆಮೇಲೆ ಯಾವ ಊರಿನ ಕಂಪ್ಯೂಟರು, ಆಮೇಲೆ ಯಾರ ಮದುವೆ, ಕೊನೆಗೊಂದು ನಕ್ಷತ್ರದ ಗುರುತು. ನಕ್ಷತ್ರ ಅಂದರೆ ಅದರೊಳಗೆ ಇರುವುದೆಲ್ಲಾ ಅಂತ. ಮದುವೆ ಮಾಡಲು ನಕ್ಷತ್ರ ನೋಡುವುದು ಗೊತ್ತಿತ್ತು, ಅಳಿಸಲೂ ನಕ್ಷತ್ರ ಬೇಕು ಅಂತ ಅವತ್ತೇ ತಿಳಿದದ್ದು. ತಪ್ಪಿ ಅಳಿಸಿದರೆ ಕಸದ ಬುಟ್ಟಿಯಿಂದ ಎತ್ತಿಕೊಳ್ಳಬಹುದಲ್ಲಪ್ಪ, ನನ್ನ ಫೋನಿನಲ್ಲಿ ಮೊಮ್ಮಗಳು ಎತ್ತಿಕೊಡುತ್ತಾಳೆ ಅಂದೆ.

“ದೂರದ್ ಮಿಷಿನ್ನಲ್ಲಿ ಹಿಂಗ್ ಅಳಿಸಿದ್ರೆ ಬುಟ್ಟಿಗೆ ಬೀಳಲ್ಲ ಅತ್ತಿಗೆ. ಓಯ್ತು ಅಂದ್ರೆ ಓಯ್ತು.”

ಹೇಳುತ್ತಾ ಎರಡೂ ಕೈಯನ್ನು ಗುಂಡಿಗಳಿಂದ ದೂರ ಇಟ್ಟುಕೊಂಡ. ನಾನೂ ಕುರ್ಚಿ ಹಿಂದಕ್ಕೆ ಸರಿಸಿದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಉಂಟು. ಮನೆಯಿಂದ ಯಾವ ಸಾಮಾನು ಹೊರಗೆ ಹೋಗಬೇಕಾದರೂ ಮನೆಯ ಹಿರೀ ಹೆಂಗಸು ‘ಹೂಂ’ ಅನ್ನಬೇಕು. ತೂತುಬಿದ್ದ ಕೊಳಗವನ್ನು ಪಾತ್ರೆಯವನಿಗೆ ಹಾಕಲೂ ನಮ್ಮತ್ತೆಯ ಬಾಯಿ ನೋಡುತ್ತಿದ್ದೆವು. ಅತ್ತೆ ಹೋದ ಮೇಲೆ ಆ ಅಧಿಕಾರ ನನಗೆ ಬಂತು. ನಮ್ಮ ಯಜಮಾನರು ತೀರಿಕೊಂಡು ತಿಂಗಳೂ ಆಗಿರಲಿಲ್ಲ, ಮೈದುನ ಈ ಪದ್ಧತಿಯನ್ನು ಕಂಪ್ಯೂಟರಿಗೂ ಹಚ್ಚಿದ. ಬೆಳಗ್ಗೆ ಎದ್ದರೆ ಕಪ್ಪು ಪರದೆಯ ಫೋಟೋ, ಕೆಳಗೆ “ಒತ್ಲಾ ಅತ್ತಿಗೆ?”

ಮೊದಮೊದಲು ನಾನು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದೆ. ಒಂದು ದಿನ ಸೊಪ್ಪು ಸೋಸುತ್ತಾ ನೋಡದೆಯೇ ಹೆಬ್ಬೆರಳು ಒತ್ತಿದೆ. ಅವನು ಗುಂಡಿ ಒತ್ತಿದ. ಒತ್ತಿದ ಮೇಲೆ ನೋಡುತ್ತಾನೆ, ಬನ್ನೂರು ಅಂತ ಬರೆಯುವ ಕಡೆ ನರಸೀಪುರ ಅಂತ ಬರೆದಿದ್ದಾನೆ! ಅದೇ ಹೆಸರಿನಲ್ಲಿ ಅಲ್ಲಿದ್ದದ್ದು ಇನ್ನೂ ಆಲ್ಬಂ ಆಗದ ಮದುವೆ. ಪುಣ್ಯಕ್ಕೆ ಅಂಗಡಿ ಬೀದಿಯಲ್ಲಿ ಕರೆಂಟು ಹೋಗಿ ಆ ಕಂಪ್ಯೂಟರು ಮಲಗಿತ್ತು. ಕರೆಂಟಿನವರಿಗೆ ನಾನು ಕೈಮುಗಿದದ್ದು ಅದೊಂದೇ ಸಲ. ಸಂಜೆ ಮೈದುನ ಫೋನ್ ಮಾಡಿ, ಇನ್ನು ಮೇಲೆ ಹೆಬ್ಬೆಟ್ಟು ನಡೆಯುವುದಿಲ್ಲ, ಊರಿನ ಹೆಸರು ಓದಿ ಅಕ್ಷರದಲ್ಲಿ ಬರೆಯಬೇಕು ಅಂತ ಕಟ್ಟಪ್ಪಣೆ ಮಾಡಿದ. ಹೀಗೆ ಈ ವಯಸ್ಸಿನಲ್ಲಿ ನಾನು ಟೈಪಿಂಗ್ ಕಲಿತೆ. ದಿನಾ ಬೆಳಗ್ಗೆ ‘ಬನ್ನೂರು, ಹೂಂ.’ ಇಲ್ಲವೇ ‘ನರಸೀಪುರ, ಹೂಂ.’

ಹೋದ ಧಾರೆಯ ಸೀಸನ್ನಿನಲ್ಲಿ ಬನ್ನೂರಿನ ಕಂಪ್ಯೂಟರು ಕತ್ತಿನವರೆಗೆ ತುಂಬಿತು. ಮಾರನೇ ದಿನ ದೊಡ್ಡ ಮದುವೆ, ಮಧ್ಯಾಹ್ನದೊಳಗೆ ಜಾಗ ಆಗಿರಬೇಕು, ಇನ್ನೊಂದು ಸಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂತ ಮಾಲೀಕ ಖಡಕ್ಕಾಗಿ ಹೇಳಿದ್ದನಂತೆ. ಅಂಥ ದಿನವೇ ನನ್ನ ಫೋನು ಉದ್ದಿನಬೇಳೆ ನೆನೆಹಾಕಿದ್ದ ಪಾತ್ರೆಗೆ ಬೀಳಬೇಕೇ! ಎತ್ತಿ ಒರೆಸಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಮಗ ಸ್ಕೂಲಿಗೆ ಪಾಠ ಮಾಡಲು ಹೋಗಿದ್ದ, ಸೊಸೆ ಕೆಲಸಕ್ಕೆ, ಮೊಮ್ಮಗಳು ಕಾಲೇಜಿಗೆ. ಪಕ್ಕದ ಮನೆಗೆ ಓಡಿದೆ. ಅವರು ಫೋನು ಕೊಟ್ಟರು, ನಂಬರು ಎಲ್ಲಿಂದ ತರಲಿ? ಎಲ್ಲಾ ಅಕ್ಕಿ ಡಬ್ಬದೊಳಗಿತ್ತು.

ವಾಪಸ್ ಬಂದು ಜಗಲಿಯ ಮೇಲೆ ಕೂತೆ. ಇವನು ಒತ್ತುವುದಿಲ್ಲ. ನನ್ನ ಹೂಂ ಇಲ್ಲದೆ ಸತ್ತರೂ ಒತ್ತುವುದಿಲ್ಲ. ನನ್ನ ಉದ್ದಿನಬೇಳೆಯಿಂದ ಅವನ ಅನ್ನಕ್ಕೆ ಕಲ್ಲು ಬಿತ್ತಲ್ಲಾ! ಅಕ್ಕಿ ಡಬ್ಬ ತೆಗೆಯುವುದು, ಫೋನು ಅಲ್ಲಾಡಿಸುವುದು, ಮತ್ತೆ ಹೂಳುವುದು. ಬೀಗ ಎಳೆಯುವವನ ಕಷ್ಟ ಆಗ ಸ್ವಲ್ಪ ಅರ್ಥವಾಯಿತು ನೋಡಿ.

ಬಿಸಿಲೇರುವ ಹೊತ್ತಿಗೆ ಗೇಟು ಸದ್ದಾಯಿತು. ಮೈದುನ! ಅಂಗಿಯ ಗುಂಡಿ ಮೇಲೆಕೆಳಗೆ, ಕಾಲಲ್ಲಿ ಬಚ್ಚಲ ಚಪ್ಪಲಿ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೆಟ್ಟಿಲ ಮೇಲೆ ದೊಪ್ಪನೆ ಕೂತ.

“ಬನ್ನೂರು, ಹೂಂ. ಒತ್ತಪ್ಪ ಬೇಗ,” ಅಂದೆ.

“ಅದ್ನ ಆಗ್ಲೇ ಒತ್ತಿ ಬಂದೆ.”

ನನಗೆ ಸಿಟ್ಟೇ ಬಂತು. ಹಿರೀ ಸೊಸೆ ಬದುಕಿರುವಾಗಲೇ ಇದೇನು ಅಧಿಕಪ್ರಸಂಗ?

“ನನ್ ಹೂಂ ಇಲ್ದೆ ಎಂಗ್ ಒತ್ತಿದ್ಯೋ?”

ಅವನು ನೆಲ ನೋಡಿಕೊಂಡು ಹೇಳಿದ, “ಅಣ್ಣ ಫೋನ್ ಎತ್ದೆ ಇದ್ದ ದಿನ, ಊಟ ಮುಗಿಸ್ಕಂಡು ನೋಡುವಾ ಅಂದ್ಕಂಡಿದ್ದೆ ಅತ್ತಿಗೆ. ಇವತ್ತು ಕಾಯಕ್ ಆಗ್ಲಿಲ್ಲ, ಒತ್ತಿ ಓಡ್ಬಂದೆ.”

ನಮ್ಮ ಯಜಮಾನರು ಹೆಮ್ಮರಗಾಲದ ಗದ್ದೆಗೆ ಅಂತ ಹೋದವರು, ಪಂಪು ಮನೆಯಲ್ಲಿ ಬೆಳಗ್ಗೆಯೇ ಬಿದ್ದಿದ್ದರು. ಸಿಕ್ಕಿದ್ದು ಮಧ್ಯಾಹ್ನ. ಇವನು ಬೆಳಗ್ಗೆ ಫೋನ್ ಮಾಡಿದ್ದ ವಿಷಯ ನನಗೆ ಗೊತ್ತೇ ಇರಲಿಲ್ಲ.

ಒಳಗೆ ಹೋಗಿ ಕಾಫಿ ಮಾಡಿದೆ, ಸ್ವಲ್ಪ ನಿಧಾನವಾಗಿಯೇ. ಲೋಟ ಕೊಡುತ್ತಾ, ಮಾತು ತಿರುಗಿಸಲು, ಬೀಗ ಸರಿಯಾಗಿ ಹಾಕಿದ್ದೀಯಾ ಅಂತ ಕೇಳಿದೆ. ಜೇಬು ತಡಕಿದ. ಬೀಗ ಹಾಗಿರಲಿ, ಬಾಗಿಲನ್ನೇ ಎಳೆದುಕೊಂಡು ಬಂದಿರಲಿಲ್ಲ. ಈಗ ಎದ್ದು ಓಡುತ್ತಾನೆ ಅಂತ ಕಾದೆ. ಅವನು ಇನ್ನೊಂದು ಲೋಟ ಕಾಫಿ ಕೇಳಿದ.

ಊಟ ಮಾಡಿಕೊಂಡೇ ಹೋದ. ಸಂಜೆ ಸೊಸೆ ಫೋನನ್ನು ಅಕ್ಕಿಯಿಂದ ತೆಗೆದು ಜೀವ ಬರಿಸಿಕೊಟ್ಟಳು. ಬೆಳಗಿನ ಕಪ್ಪು ಪರದೆ ಬಂತು, ಕೆಳಗೆ “ಒತ್ಲಾ ಅತ್ತಿಗೆ?” ಅದರ ಕೆಳಗೆ “ಅತ್ತಿಗೆ?” ಮತ್ತೆ “ಅತ್ತಿಗೆ?” ಆಮೇಲೆ ಬನ್ನೂರೂ ಇಲ್ಲ, ಮದುವೆಯೂ ಇಲ್ಲ, ಬರೀ “ಅತ್ತಿಗೆ”, “ಅತ್ತಿಗೆ” ಅಂತ ಉದ್ದಕ್ಕೆ.

ಕನ್ನಡಕ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಬರೆದೆ.

‘ನಂಜನಗೂಡು, ಹೂಂ.’